ಜನವಸತಿ ಇಲ್ಲ

ಕುಳ್ಳಿ ಅವತ್ತು ಬಾಯಿ ಬಿಟ್ಟಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ ಎಂದು ಹೇಳುವವರು ಅತ್ತಿಹಳ್ಳದ ಹಾಡಿಯಲ್ಲಿ ಇದ್ದಾರೆ. ಹೇಳಲಿ. ಹೇಳುವವರೂ ಅವತ್ತು ಅವಳ ಪಕ್ಕದಲ್ಲೇ ಕೂತಿದ್ದರು. ಅವರ ಬಾಯಿಗೇನು ಬೀಗ ಜಡಿದಿತ್ತೆ? ಆದರೂ ಆ ಮಾತು ಕುಳ್ಳಿಗೆ ಅಂಗಾಲಿನಲ್ಲಿ ಮುರಿದ ಮುಳ್ಳಿನಂತೆ ಚುಚ್ಚುತ್ತಲೇ ಇತ್ತು. ಜೀಪನ್ನು ಮೊದಲು ಕಂಡವಳು ಅವಳೇ.

ಆ ವಾರ ಹಾಡಿಯ ಹಿರಿಯ ಚಿಕ್ಕಮಾದು ತೀರಿಕೊಂಡಿದ್ದ. ಕಾಡಂಚಿನ ಆ ಗಿರಿಜನರ ಹಾಡಿಯಲ್ಲಿ ಒಬ್ಬರು ಸತ್ತರೆ ಹದಿನಾಲ್ಕು ಮನೆಯ ಒಲೆಯೂ ಆರಬೇಕು. ಬೂದಿ ಬಳಿದು ತೊರೆಗೆ ಹಾಕಬೇಕು. ಕೂಸಿನಿಂದ ಮುದುಕರ ತನಕ ಎಲ್ಲರೂ ತೊರೆ ದಾಟಿ, ಹೆಣ ಹೂಳುವ ಅತ್ತಿಮರದ ಬುಡದಲ್ಲಿ ಮೂರು ದಿನ ಇರಬೇಕು. ಬೇರೆ ಹಾಡಿಯ ನೆಂಟರು ಗಂಜಿ ತಂದುಕೊಡುತ್ತಾರೆ. ಹೊರಗಿನವರ ಜೊತೆ ಮಾತಿಲ್ಲ. ಸತ್ತವರು ಆ ಮೂರು ದಿನ ಮನೆಮನೆಗೂ ಹೋಗಿ ನೋಡಿಕೊಂಡು ಬರುತ್ತಾರಂತೆ. ಒಲೆ ಉರಿಯುತ್ತಿದ್ದರೆ ಹೋಗಲು ಮನಸ್ಸಾಗದೆ ಇಲ್ಲೇ ಉಳಿದುಬಿಡುತ್ತಾರಂತೆ. ಅದಕ್ಕೇ ಹಾಡಿಯನ್ನು ಅವರಿಗೆ ಬಿಟ್ಟುಕೊಡಬೇಕು. ಯಾವ ಕಾಲದಿಂದ ಹೀಗೆ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ.

ಎರಡನೆಯ ದಿನ ಜೀಪು ಬಂತು. ಇಬ್ಬರು ಇಳಿದರು. ಒಬ್ಬನ ಕೈಯಲ್ಲಿ ಫೋನು, ಇನ್ನೊಬ್ಬನ ಕೈಯಲ್ಲಿ ನಕ್ಷೆಯ ಸುರುಳಿ. ಫೋನಿನವನು ಒಂದೊಂದು ಮನೆಗೂ ಬಗ್ಗಿ ನೋಡಿದ. ಕೋಲಿನಿಂದ ಒಲೆ ಕೆದಕಿದ. ಫೋಟೋ ಹೊಡೆದ. ಆಮೇಲೆ ಚಿಕ್ಕಮಾದುವಿನ ಮನೆಯ ಮಣ್ಣಿನ ಗೋಡೆಗೆ ಉಚ್ಚೆ ಹೊಯ್ದ. ತೊರೆಯಾಚೆಯಿಂದ ಅಲ್ಲಿಗೆ ಐವತ್ತು ಹೆಜ್ಜೆ. ಲಂಟಾನದ ಪೊದೆಯ ಸಂದಿನಿಂದ ಕುಳ್ಳಿ ಎಲ್ಲವನ್ನೂ ನೋಡಿದಳು. ಕೂಗು ಗಂಟಲಿಗೆ ಬಂದಿತ್ತು. ಅತ್ತೆ ಮುತ್ತಿ ಅವಳ ಕೈ ಹಿಡಿದು ಬೇಡ ಎಂದು ತಲೆಯಾಡಿಸಿದಳು. ಕುಳ್ಳಿ ನುಂಗಿಕೊಂಡಳು. ಜೀಪು ಹೊರಟುಹೋಯಿತು.

ಆ ಫೋನಿನವನು ಏನು ಬರೆದುಕೊಂಡ ಎಂಬುದು ಗೊತ್ತಾಗಲು ಎರಡು ತಿಂಗಳು ಬೇಕಾಯಿತು.

ಅಷ್ಟರಲ್ಲಿ ಇನ್ನೊಂದು ನಾಟಕ ನಡೆದಿತ್ತು. ಹುಣಸೂರಿನಿಂದ ವೀರನಹೊಸಹಳ್ಳಿಗೆ ಹೋಗುವ ರಸ್ತೆಯ ಬಲಕ್ಕೆ ಒಂದು ಕಂಪನಿಯವರು ಡೇಟಾ ಸೆಂಟರ್ ಕಟ್ಟುತ್ತಾರೆಂದು ಸುದ್ದಿ ಹಬ್ಬಿತು. ಮೊದಲು ಗುರುತು ಮಾಡಿದ ಜಾಗ ಸಿಂಗರನಕೊಪ್ಪಲಿಗೆ ಅಂಟಿಕೊಂಡಿತ್ತು. ಕೊಪ್ಪಲೆಂದರೆ ಹೊಗೆಸೊಪ್ಪಿನ ಊರು. ಹಾಡಿಯವರು ಕೂಲಿಗೆ ಹೋಗುವುದು ಅಲ್ಲಿಗೇ. ಊರಿನ ಯಜಮಾನ ಚೆಲುವರಾಜು ಎರಡು ಟ್ರ್ಯಾಕ್ಟರ್ ಹೊಡೆಸಿಕೊಂಡು ಹಾಡಿಗೆ ಬಂದ.

"ಬನ್ರೋ ಎಲ್ರೂ. ಇವತ್ತು ಕೆಲ್ಸ ಬ್ಯಾಡ. ಹುಣಸೂರಲ್ಲಿ ಧರಣಿ. ನಮ್ ನೀರು, ನಮ್ ನೆಲ ಉಳಿಸ್ಕೊಬೇಕು ಕಣ್ರೋ."

ಆ 'ನಮ್ಮ' ಎಂಬ ಮಾತಿಗೆ ಕುಳ್ಳಿ ಮರುಳಾದಳು. ಚೆಲುವರಾಜುವಿನ ಮನೆಯಲ್ಲಿ ಅವಳಿಗೆ ನೀರು ಕೊಡುವ ಲೋಟ ಇವತ್ತಿಗೂ ಹಟ್ಟಿಯ ಗೋಡೆಯ ಮೇಲೆ ಬೇರೆ ಇರುತ್ತದೆ. ಅಂಥವನ ಬಾಯಲ್ಲಿ 'ನಮ್ಮ' ಬಂತಲ್ಲ ಎಂದು ಟ್ರ್ಯಾಕ್ಟರ್ ಹತ್ತಿದಳು. ಬ್ಯಾನರಿನ ಒಂದು ತುದಿ ಹಿಡಿದಳು. ಬಿಸಿಲಲ್ಲಿ ನಾಲ್ಕು ತಾಸು ನಿಂತು ಗಂಟಲು ಹರಿಯುವಂತೆ ಕೂಗಿದಳು. ಪೇಪರಿನಲ್ಲಿ ಬಂದ ಫೋಟೋದಲ್ಲಿ ಮುಂದಿನ ಸಾಲಿನಲ್ಲಿದ್ದವರೆಲ್ಲ ಹಾಡಿಯವರೇ. ಹೆಸರು ಬಂದದ್ದು ಚೆಲುವರಾಜುವಿನದು.

ಸರ್ಕಾರ ಮಣಿಯಿತು. ಅಂದರೆ ಕೊಪ್ಪಲಿಗೆ ಮಣಿಯಿತು. ಎಲ್ಲಿ ಏನು ಕಟ್ಟಬಹುದೆಂಬ ವಲಯ ನಿಯಮಕ್ಕೆ ಒಂದು ಸಾಲು ಸೇರಿಸಿದರು. ಡೇಟಾ ಸೆಂಟರಿನ ಜನರೇಟರು, ಡೀಸೆಲ್ ಟ್ಯಾಂಕು, ಯಂತ್ರ ತಣಿಸುವ ಘಟಕ, ಯಾವುದೂ ಜನವಸತಿಯಿಂದ ಐನೂರು ಮೀಟರಿನೊಳಗೆ ಇರಕೂಡದು. ಒಳ್ಳೆಯ ನಿಯಮವೇ. ಕೊಪ್ಪಲಿನಿಂದ ಐನೂರು ಮೀಟರ್ ಅಳೆದು ಜಾಗವನ್ನು ಹಿಂದಕ್ಕೆ ತಳ್ಳಿದರು. ಇನ್ನೊಂದು ಕಡೆ ಕಾಡಿನಂಚಿನ ರಕ್ಷಣೆಯ ಗೆರೆ. ಆನೆಗೊಂದು ಗೆರೆ, ಊರಿಗೊಂದು ಗೆರೆ. ಎರಡರ ನಡುವೆ ಉಳಿದದ್ದು ಅತ್ತಿಹಳ್ಳದ ಹಾಡಿ.

ಕುಳ್ಳಿಗೆ ಇದು ತಿಳಿದದ್ದು ಚೆಲುವರಾಜು ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮುಂದೆ. ಬೆಳಿಗ್ಗೆ ಆರರಿಂದ ಸೊಪ್ಪು ಮುರಿದು ಹೊರೆ ಹೊತ್ತು ತಂದಿದ್ದಳು. ಮಂಜಿಗೆ ನೆನೆದ ಸೊಪ್ಪಿನ ರಸ ಬೆನ್ನಿಗೆಲ್ಲ ಇಳಿದು ತಲೆ ಸುತ್ತುತ್ತಿತ್ತು. ಆ ರಸಕ್ಕೆ ವಾಂತಿ ಬರುತ್ತದೆ, ಬಂದರೆ ಬೇಲಿಯ ಹತ್ತಿರ ಹೋಗಿ ಮಾಡಿ ಬರಬೇಕು, ಅಷ್ಟೆ. ಈಗ ಕೂತು ಕಡ್ಡಿಗೆ ಸೊಪ್ಪು ಕಟ್ಟುತ್ತಿದ್ದಳು. ಬೆರಳಿಗೆ ಹತ್ತಿದ ಕಪ್ಪು ಜಿಗುಟು ಸೋಪಿಗೂ ಹೋಗುವುದಿಲ್ಲ. ಆ ಕೈಯಲ್ಲಿ ಏನು ತಿಂದರೂ ಕಹಿ. ಮಗಳು ಪ್ರೇಮಾ ಅಲ್ಲಿಗೇ ಹುಡುಕಿಕೊಂಡು ಬಂದಳು. ಪ್ರೇಮಾ ಕೊಪ್ಪಲಿನ ಅಂಗನವಾಡಿಯಲ್ಲಿ ಸಹಾಯಕಿ. ಪಂಚಾಯ್ತಿ ಗೋಡೆಗೆ ಅಂಟಿಸಿದ ನಕ್ಷೆಯನ್ನು ಫೋನಿನಲ್ಲಿ ತೆಗೆದುಕೊಂಡು ಬಂದಿದ್ದಳು.

"ನೋಡವ್ವ. ಹಳದಿ ಇರೋದೆಲ್ಲ ಜನ ಇರೋ ಜಾಗ. ಹಸಿರು ಹೊಲ. ನೇರಳೆ ಕಾರ್ಖಾನೆಗೆ."

"ನಮ್ದು ಯಾವ್ದು?"

"ನಮ್ದು ನೇರಳೆ."

ಕುಳ್ಳಿ ಕಡ್ಡಿ ಕೆಳಗಿಟ್ಟಳು. ಚೆಲುವರಾಜು ಅಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದ. ಅವನ ಹತ್ತಿರ ಹೋಗಿ ನಿಂತಳು.

"ಗೌಡ್ರೇ, ನಾವೂ ಕೂಗಿದ್ವಲ್ಲ. ಐನೂರು ಮೀಟ್ರು ನಮ್ಗಿಲ್ವಾ?"

"ಅದು ಜನವಸತಿಗೆ ಕಣಮ್ಮಿ. ಊರು ಅಂತ ದಾಖಲೆಲಿರಬೇಕು. ನಿಮ್ದು ಹಾಡಿ."

"ಹಾಡೀಲಿ ಜನ ಇಲ್ವಾ?"

"ನಾನೇನ್ ಮಾಡ್ಲವ್ವ? ಆಫೀಸ್ನೋರು ಬಂದ್ ನೋಡ್ಕೊಂಡ್ ಹೋಗವ್ರೆ. ಯಾರೂ ಇರ್ಲಿಲ್ಲ ಅಂತ ಬರ್ದವ್ರೆ. ಗುರುವಾರ ಸಭೆ ಅದೆ, ಬಂದ್ ಕೇಳ್ಕೊ. ಈಗ ಸೊಪ್ಪು ಬಾಡ್ತದೆ, ಕಟ್ಟು."

ಕುಳ್ಳಿ ಕಟ್ಟಿದಳು. ಕಟ್ಟದೆ ಬಿಟ್ಟರೆ ನಾಳೆ ಕರೆಯುವುದಿಲ್ಲ. ಆದರೆ ಗಂಟು ಬಿಗಿಯಲಿಲ್ಲ, ಆ ದಿನ ಅವಳು ಕಟ್ಟಿದ ಕಡ್ಡಿಗಳಲ್ಲಿ ಅರ್ಧ ಬ್ಯಾರನ್‌ಗೆ ಏರಿಸುವಾಗ ಜಾರಿ ಬಿದ್ದವು.

ಮನೆಯಲ್ಲಿ ಗಂಡ ಮಲ್ಲ, ಅತ್ತೆ ಮುತ್ತಿ. ಮುತ್ತಿ ಮೂವತ್ತು ವರ್ಷ ಬ್ಯಾರನ್‌ಗಳ ಬೆಂಕಿ ಕಾದವಳು. ಎದೆಯೊಳಗೆ ಗೊರಗೊರ ಎನ್ನದೆ ಅವಳಿಗೆ ಉಸಿರು ಬರುತ್ತಿರಲಿಲ್ಲ. ಚಿಕ್ಕಮಾದುವನ್ನು ಹೂತು ಬಂದ ಮೇಲೆ ಅವಳು ಚಾಪೆ ಬಿಟ್ಟು ಎದ್ದಿರಲಿಲ್ಲ. ಪ್ರೇಮಾ ಅಜ್ಜಿಯ ಪಕ್ಕ ಕೂತು ಎಲ್ಲ ಬಿಡಿಸಿ ಹೇಳಿದಳು. ಡೇಟಾ ಸೆಂಟರ್ ಎಂದರೆ ಒಂದು ಗೋಡೌನು, ಜನ ಫೋನಿನಲ್ಲಿ ತೆಗೆದ ಫೋಟೋ, ಕಳಿಸಿದ ಮಾತು ಎಲ್ಲವನ್ನೂ ಅಲ್ಲಿ ಕೂಡಿಡುತ್ತಾರೆ. ಯಂತ್ರ ಕಾಯುತ್ತದೆ, ತಣಿಸಲು ನೀರು ಬೇಕು. ಕರೆಂಟು ಹೋದರೆ ಲಾರಿಯಷ್ಟು ದೊಡ್ಡ ಡೀಸೆಲ್ ಇಂಜಿನುಗಳು ಓಡುತ್ತವೆ. ಆ ಇಂಜಿನುಗಳ ಅಂಗಳ ಬರುವುದು ಅತ್ತಿಮರದ ಬುಡದಲ್ಲಿ. ಕಾಂಪೌಂಡ್ ಬರುವುದು ತೊರೆಯ ದಡಕ್ಕೆ.

"ಫೋನಾ? ಇಲ್ಲಿ ಟವರೇ ಸಿಕ್ಕಕಿಲ್ವಲ್ಲೇ," ಎಂದಳು ಮುತ್ತಿ.

"ಔದಜ್ಜಿ. ಮಾತಾಡ್ಬೇಕಂದ್ರೆ ಕೆರೆ ಏರಿ ಮ್ಯಾಲೇ ಹೋಗ್ಬೇಕು."

ಮುತ್ತಿ ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಗುರುವಾರ ಕುಳ್ಳಿ, ಪ್ರೇಮಾ ಹುಣಸೂರಿಗೆ ಹೋದರು. ಸಭೆಯಲ್ಲಿ ಕುರ್ಚಿಗಳು ಖಾಲಿ ಇದ್ದವು. ಬಾಗಿಲಲ್ಲಿದ್ದ ಜವಾನ ಕುಳ್ಳಿಯ ಕೈ ನೋಡಿ, ಮೂಗು ಸಿಂಡರಿಸಿ, ಹಿಂದೆ ಗೋಡೆಯ ಹತ್ತಿರ ನಿಲ್ಲಲು ಹೇಳಿದ. ಸೊಪ್ಪಿನ ವಾಸನೆ ಅವನಿಗೆ ಆಗುವುದಿಲ್ಲವಂತೆ. ಮುಂದಿನ ಸಾಲಿನಲ್ಲಿ ಕೂತಿದ್ದ ಚೆಲುವರಾಜುವಿನ ಮನೆ ಎದ್ದದ್ದು ಅದೇ ಸೊಪ್ಪಿನಿಂದ. ಅವನಿಗೆ ಯಾವ ವಾಸನೆಯೂ ಇರಲಿಲ್ಲ.

ಯೋಜನಾ ಪ್ರಾಧಿಕಾರದ ಅಧಿಕಾರಿಯ ಹೆಸರು ಚೇತನ್‌ಕುಮಾರ್. ಇನ್ನೂ ಚಿಕ್ಕ ವಯಸ್ಸು. ಕೆಟ್ಟವನಂತೆ ಕಾಣಲಿಲ್ಲ. ಕೆಟ್ಟವನಾಗಿದ್ದರೆ ಬೈದಾದರೂ ಬರಬಹುದಿತ್ತು. ಎಲ್ಲರದೂ ಮುಗಿದ ಮೇಲೆ ಕುಳ್ಳಿಯನ್ನು ಕರೆದ.

"ಅಮ್ಮ, ನಿಮ್ಮ ಸರ್ವೆ ನಂಬರ್ ಹೇಳಿ."

"ನಂಬರಿಲ್ಲ ಸ್ವಾಮಿ. ಅತ್ತಿಹಳ್ಳದ ಹಾಡಿ."

ಅವನು ಫೈಲು ತಿರುವಿ ಓದಿದ. "ಹದಿನಾಲ್ಕು ತಾತ್ಕಾಲಿಕ ಶೆಡ್ಡುಗಳು. ಒಲೆ ಉರಿದ ಗುರುತಿಲ್ಲ. ಜನವಸತಿ ಇಲ್ಲ. ಹೀಗಂತ ಸ್ಥಳ ಪರಿಶೀಲನೆ ವರದಿ ಇದೆಯಲ್ಲಮ್ಮ."

"ಇದ್ವಿ ಸ್ವಾಮಿ. ನಿಮ್ಮೋರು ಬಂದಿದ್ದ ನಾನೇ ನೋಡಿವ್ನಿ. ತೊರೆ ಆಚೆ ಕುಂತಿದ್ದೆ."

"ನೋಡಿದ್ರಿ ಅಂದ್ಮೇಲೆ ಯಾಕೆ ಬಂದು ಮಾತಾಡ್ಲಿಲ್ಲ?"

"ಸಾವಾಗಿತ್ತು."

"ಸಾವಾದ್ರೆ ಊರೆಲ್ಲ ಖಾಲಿ ಮಾಡ್ಕೊಂಡು ಹೋಗ್ತಾರಾ?" ಎಂದು ಮುಂದಿನ ಸಾಲಿನಿಂದ ಯಾರೋ ಅಂದರು. ನಾಲ್ಕು ಜನ ನಕ್ಕರು. ಒಲೆ ಯಾಕೆ ಆರಿಸುತ್ತಾರೆ, ತೊರೆ ಯಾಕೆ ದಾಟುತ್ತಾರೆ ಎಂಬುದನ್ನು ಈ ಕುರ್ಚಿಗಳ ಮುಂದೆ ಹೇಳಬೇಕೆ? ಹೇಳಿದರೆ ಇನ್ನೂ ನಗುತ್ತಾರೆ. ಕುಳ್ಳಿಗೆ ಆ ನಾಲ್ಕು ಬಾಯಿಗಳಿಗೂ ಹೊಗೆಸೊಪ್ಪು ತುರುಕಬೇಕೆನ್ನಿಸಿತು.

ಪ್ರೇಮಾ ಮುಂದೆ ಬಂದಳು. "ಸಾರ್, ಓಟಿನ ಪಟ್ಟೀಲಿ ನಮ್ಮ ಹಾಡೀದು ಮೂವತ್ತೊಂದು ಹೆಸ್ರದೆ. ಓಟ್ ಕೇಳೋಕೆ ಬಂದಾಗ ಜನ ಇರ್ತೀವಿ. ಗೋಡೆ ಕಟ್ಟೋಕೆ ಬಂದಾಗ ಇರಲ್ವಾ?"

"ಅದು ಬೇರೆ ಇಲಾಖೆ ಕಣಮ್ಮ," ಎಂದ ಚೇತನ್‌ಕುಮಾರ್. ಫೈಲು ಮುಚ್ಚಿದ. "ಒಂದು ಕೆಲಸ ಮಾಡ್ತೀನಿ. ಸೋಮವಾರ ನಾನೇ ಬರ್ತೀನಿ. ಜನ ಇರ್ಬೇಕು, ಒಲೆ ಉರೀತಿರ್ಬೇಕು. ಫೋಟೋ ಸಮೇತ ವರದಿ ಹಾಕಿದ್ರೆ ಐನೂರು ಮೀಟರ್ ನಿಮಗೂ ಸಿಗುತ್ತೆ. ಬರೋ ವಾರದ ಶನಿವಾರ ನಕ್ಷೆ ಅಂತಿಮ. ಆಮೇಲೆ ನನ್ನ ಕೈಲಿಲ್ಲ."

ವಾಪಸು ಬರುವ ಬಸ್ಸಿನಲ್ಲಿ ಪ್ರೇಮಾ ಗೆದ್ದವಳಂತೆ ಕೂತಿದ್ದಳು. ಕುಳ್ಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಒಲೆ ಉರಿಯಬೇಕು. ಸೋಮವಾರ. ನಡುವೆ ಯಾರೂ ಸಾಯಬಾರದು. ಮನೆಗೆ ಬಂದು ಅತ್ತೆಯ ಚಾಪೆಯ ಹತ್ತಿರ ಕೂತಾಗ ಮುದುಕಿಯ ಉಸಿರು ಬೇರೆ ರೀತಿಯಲ್ಲಿ ಕೇಳಿಸುತ್ತಿತ್ತು. ಗೊರಗೊರದ ನಡುವೆ ಬಿಡುವು ಬರುತ್ತಿತ್ತು. ಕುಳ್ಳಿ ಆ ಬಿಡುವುಗಳನ್ನು ಕೇಳುತ್ತ ಕೂತಳು.

ಶುಕ್ರವಾರ ಮುತ್ತಿ ಗಂಜಿ ಬಿಟ್ಟಳು. ಹುಣಸೂರಿನ ಆಸ್ಪತ್ರೆಗೆ ಹೊತ್ತುಕೊಂಡು ಹೋಗೋಣ ಎಂದರೆ ಕೇಳಲಿಲ್ಲ. "ಅಲ್ಲೋಗಿ ಸಾಯಾಕಿಲ್ಲ" ಎಂದಳು. ಶನಿವಾರ ಕಣ್ಣು ಮುಚ್ಚಿಕೊಂಡೇ ಇದ್ದಳು. ಸಂಜೆ ಮಲ್ಲ ಹೊರಗೆ ಹೋದಾಗ ಕುಳ್ಳಿ ಅತ್ತೆಯ ಕಿವಿಗೆ ಬಾಗಿದಳು. ಏನು ಹೇಳಬೇಕೆಂದು ಎರಡು ದಿನದಿಂದ ನಾಲಿಗೆಯ ಮೇಲೆ ಇಟ್ಟುಕೊಂಡು ತಿರುಗಿದ್ದಳು. ಹೇಳಿಬಿಟ್ಟಳು.

"ಅವ್ವ, ಸೋಮ್ವಾರದ್ ಗಂಟ ಇರವ್ವ."

ಇಂಥ ಮಾತು ಯಾವ ಸೊಸೆಯಾದರೂ ಆಡಿದ್ದುಂಟೆ? ಸಾಯುವುದಕ್ಕೂ ಸರ್ಕಾರದ ತಾರೀಕು ನೋಡಬೇಕೆ? ಕುಳ್ಳಿಗೆ ತನ್ನ ಬಾಯಿಗೆ ತಾನೇ ಹೊಡೆದುಕೊಳ್ಳುವಷ್ಟು ನಾಚಿಕೆಯಾಯಿತು. ಮುತ್ತಿ ಕಣ್ಣು ತೆರೆದಳು. ಅವಳಿಗೆ ಎಲ್ಲ ಗೊತ್ತಿತ್ತು.

"ಇರ್ತೀನಿ ಬುಡು," ಎಂದಳು. "ಬಂದು ನೋಡ್ಕೊಂಡ್ ಹೋಗ್ಲಿ."

ಸೋಮವಾರ ಹಾಡಿಯಿಂದ ಒಬ್ಬರೂ ಕೆಲಸಕ್ಕೆ ಹೋಗಲಿಲ್ಲ. ಬ್ಯಾರನ್‌ಗೆ ಸೊಪ್ಪು ತುಂಬುವ ಕಾಲ, ಕೊಪ್ಪಲಿನವರು ಬೈದುಕೊಂಡು ಹೋದರು. ಬೆಳಿಗ್ಗೆ ಆರಕ್ಕೇ ಹದಿನಾಲ್ಕು ಒಲೆ ಹೊತ್ತಿಸಿದರು. ಹೊಗೆ ದೂರಕ್ಕೆ ಕಾಣಲಿ ಎಂದು ಹಸಿ ಸೌದೆ ತುಂಬಿದರು. ಬೇಯಿಸಲು ಏನೂ ಇಲ್ಲದ ಮನೆಯಲ್ಲಿ ಬರೀ ನೀರು ಕುದಿಯಿತು. ಹತ್ತಾಯಿತು, ಹನ್ನೆರಡಾಯಿತು. ರಸ್ತೆಯಲ್ಲಿ ಧೂಳೆದ್ದರೆ ಮಕ್ಕಳು ಓಡಿಹೋಗಿ ನೋಡಿ ಬರುತ್ತಿದ್ದವು. ಹಾಲಿನ ವ್ಯಾನು. ಸೌದೆಯ ಲಾರಿ. ಕುಳ್ಳಿ ಮನೆಗೂ ದಾರಿಗೂ ನಡೆದು ನಡೆದು ಹಿಮ್ಮಡಿ ಒಡೆದುಕೊಂಡಳು.

ಹೊಗೆ ಮನೆಯೊಳಗೆ ಕಟ್ಟಿಕೊಂಡಿತು. ಮುತ್ತಿಗೆ ಕೆಮ್ಮು ಹತ್ತಿ ಬಾಯಲ್ಲಿ ನೊರೆ ಬಂತು. ಮಲ್ಲ ನೀರಿನ ಚೊಂಬು ಹಿಡಿದು ಒಲೆಯ ಹತ್ತಿರ ಹೋದ.

"ಆರಿಸ್ಬುಡ್ತೀನಿ ಕಣೇ. ಅವ್ವಂಗೆ ಉಸ್ರಾಡಕಾಯ್ತಿಲ್ಲ."

"ತಡಿ. ಈಗ್ ಬಂದ್ಬುಡ್ತಾರೆ."

"ಬರೋರಿದ್ರೆ ಬತ್ತಿದ್ರು."

"ತಡಿ ಅಂದ್ನಲ್ಲ."

ಅವಳ ದನಿ ಕೇಳಿ ಮಲ್ಲ ಚೊಂಬು ಕೆಳಗಿಟ್ಟ. ಇಬ್ಬರೂ ಸೇರಿ ಮುತ್ತಿಯನ್ನು ಚಾಪೆ ಸಮೇತ ಎಳೆದು ಬಾಗಿಲ ಹತ್ತಿರ ಮಲಗಿಸಿದರು. ಹೊಗೆ ಅಲ್ಲಿಗೂ ಬಂತು. ಮುದುಕಿ ದಾರಿಯ ಕಡೆಗೆ ಮುಖ ಮಾಡಿ ಮಲಗಿದಳು.

ನಾಲ್ಕು ಗಂಟೆಗೆ ಏರಿಯ ಮೇಲೆ ನಿಂತಿದ್ದ ಪ್ರೇಮಾಗೆ ಆಫೀಸಿನಿಂದ ಫೋನು ಬಂತು. ಸಾಹೇಬರಿಗೆ ಮೈಸೂರಿನಲ್ಲಿ ಮೀಟಿಂಗ್ ಬಿದ್ದಿದೆ. ಇವತ್ತಾಗುವುದಿಲ್ಲ. ಬುಧವಾರ ಬರುತ್ತಾರೆ.

ಒಂದು ಮೀಟಿಂಗ್. ಅಷ್ಟೆ. ಐವತ್ತೆರಡು ಜನರ ಒಂದು ದಿನದ ಹೊಟ್ಟೆ, ಹೊಗೆ ಕುಡಿದ ಒಂದು ಎದೆ, ಅದಕ್ಕೆಲ್ಲ ಅವರ ಬಾಯಲ್ಲಿ ಬಂದದ್ದು ಎರಡು ಸಾಲು. ಪ್ರೇಮಾ ಬಂದು ಹೇಳಿದಾಗ ಕುಳ್ಳಿ ಚೊಂಬೆತ್ತಿ ಒಲೆಗೆ ನೀರು ಹುಯ್ದಳು. ಚುಯ್ ಎಂದು ಬೂದಿ ಮುಖಕ್ಕೆ ಹಾರಿತು. ಅವಳು ಒರೆಸಿಕೊಳ್ಳಲೂ ಇಲ್ಲ.

"ಬಂದ್ರಾ?" ಎಂದು ಮುತ್ತಿ ಕೇಳಿದಳು.

ಕುಳ್ಳಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಬುಧ್ವಾರ ಅಂತೆ ಅವ್ವ."

ಮುತ್ತಿ ದಾರಿಯ ಕಡೆಯಿಂದ ಮುಖ ತಿರುಗಿಸಿದಳು. ಮಂಗಳವಾರ ಮಧ್ಯಾಹ್ನ, ಬಿಸಿಲು ನೆತ್ತಿಗೆ ಬಂದಾಗ, ಅವಳ ಗೊರಗೊರ ನಿಂತಿತು.

ಮಲ್ಲ ಅಳಲಿಲ್ಲ. ತಾಯಿಯ ಕಾಲ ಬಳಿ ಸುಮ್ಮನೆ ಕೂತ. ಕುಳ್ಳಿಯ ಕಡೆ ನೋಡಲಿಲ್ಲ. ನೋಡಿ ಬೈದಿದ್ದರೆ ಕುಳ್ಳಿಗೆ ಹಗುರವಾಗುತ್ತಿತ್ತು. ಹಾಡಿಯವರು ಮನೆಯ ಮುಂದೆ ಸೇರಿದರು. ಹೆಂಗಸರ ಅಳುವಿನ ನಡುವೆಯೇ ಮಾತು ಶುರುವಾಯಿತು, ಯಾರಿಗೂ ಆಡಲು ಇಷ್ಟವಿಲ್ಲದ ಮಾತು. ಒಲೆ ಆರಿಸಬೇಕೆ, ಬೇಡವೆ?

ಮಲ್ಲನ ತಮ್ಮ ಸುರೇಶ ಹೇಳಿದ: "ನಾಳೆ ಒಂದಿನ ಉರಿಸೋಣ. ಫೋಟೋ ತಗೊಂಡ್ ಹೋಗ್ಲಿ. ಆಮ್ಯಾಕೆ ಆರ್ಸೋಣ. ಅವ್ವ ಏನ್ ಬೈಯಾಕಿಲ್ಲ."

"ಅವ್ವ ಇಲ್ಲೇ ಉಳ್ಕಂಬುಟ್ರೆ?" ಎಂದಳು ಒಬ್ಬ ಮುದುಕಿ.

"ಹಾಡಿನೇ ಉಳೀದಿದ್ರೆ ಅವ್ವ ಎಲ್ಲಿ ಉಳ್ಕತ್ತಾಳೆ?"

ಸುರೇಶನ ಮಾತು ಸುಳ್ಳಲ್ಲ. ಎಲ್ಲರೂ ಕುಳ್ಳಿಯ ಮುಖ ನೋಡಿದರು. ಹುಣಸೂರಿಗೆ ಹೋಗಿ ಬಂದವಳು ಅವಳು. ಒಲೆ ಉರಿಯಬೇಕೆಂದು ಹೇಳಿದವಳೂ ಅವಳೇ. ಕುಳ್ಳಿ ಒಳಗೆ ಹೋಗಿ ಬರಿಗೈಯಿಂದ ಒಲೆಯ ಬೂದಿ ಬಳಿದು ಸೆರಗಿಗೆ ತುಂಬಿಕೊಂಡಳು.

"ಇವಳ್ನ ಹೊಗೆ ಹಾಕಿ ಕೊಂದಿವ್ನಿ," ಎಂದಳು. "ಇನ್ನೊಂದ್ ಕಡ್ಡಿ ಗೀರಾಕಿಲ್ಲ. ಬೇಕಾದೋರು ಗೀರ್ಕಳಿ."

ಯಾರೂ ಗೀರಲಿಲ್ಲ. ಸಂಜೆಯ ಹೊತ್ತಿಗೆ ಹದಿನಾಲ್ಕು ಮನೆಯ ಬೂದಿ ತೊರೆ ಸೇರಿತು. ಬಿದಿರಿನ ಚಟ್ಟ ಕಟ್ಟಿ ಮುತ್ತಿಯನ್ನು ಆಚೆ ದಡಕ್ಕೆ ಒಯ್ದರು. ಮುತ್ತಿ ಹುಟ್ಟಿದ ಹಾಡಿ ಎನ್. ಬೇಗೂರಿನ ಕಡೆಯದು. ಅಲ್ಲಿಂದ ನೆಂಟರು ಬರುವ ತನಕ ಮಣ್ಣು ಮಾಡುವಂತಿಲ್ಲ.

ಬುಧವಾರ ಹನ್ನೊಂದು ಗಂಟೆಗೆ ಜೀಪು ಬಂತು.

ಆಚೆ ದಡದಲ್ಲಿ ಗಂಡಸರು ಗುಂಡಿ ತೋಡುತ್ತಿದ್ದರು. ಜೀಪಿನ ಸದ್ದಿಗೆ ಹಾರೆಗಳು ನಿಂತವು. ಚೇತನ್‌ಕುಮಾರ್ ಇಳಿದ. ಹಿಂದಿನ ಸೀಟಿನಿಂದ ಚೆಲುವರಾಜು. ದಾರಿ ತೋರಿಸಲು ಬಂದಿದ್ದನಂತೆ. ಇಬ್ಬರೂ ಖಾಲಿ ಮನೆಗಳ ನಡುವೆ ನಿಂತು ಆ ಕಡೆ ಈ ಕಡೆ ನೋಡಿದರು. ಅಧಿಕಾರಿ ಒಂದು ಬಾಗಿಲಿಗೆ ಬಗ್ಗಿದ. ಇನ್ನೊಂದಕ್ಕೆ ಬಗ್ಗಿದ. ವಾಚು ನೋಡಿಕೊಂಡ.

ಮೂರು ದಿನ ಹೊರಗಿನವರ ಜೊತೆ ಮಾತಿಲ್ಲ. ಹೋದ ಸಲ ತನ್ನ ಕೈ ಹಿಡಿದು ತಡೆದವಳು ಇವತ್ತು ಚಟ್ಟದ ಮೇಲೆ ಮಲಗಿದ್ದಾಳೆ. ಕುಳ್ಳಿ ಅವಳ ಮುಖ ನೋಡಿದಳು. ಎದ್ದಳು. ಯಾರನ್ನೂ ಕೇಳಲಿಲ್ಲ. ಸೀರೆ ಎತ್ತಿ ಕಟ್ಟಿ ತೊರೆಗಿಳಿದಳು. ಹಿಂದಿನಿಂದ ಯಾರೋ ಹೆಂಗಸು "ಕುಳ್ಳೀ" ಎಂದಳು. ಮಲ್ಲ ಆ ಹೆಂಗಸಿಗೆ ಸುಮ್ಮನಿರಲು ಹೇಳಿದ. ಅವನು ಮಂಗಳವಾರದಿಂದ ಬಾಯಿ ಬಿಟ್ಟದ್ದು ಅದೇ ಮೊದಲು.

ಮೊಣಕಾಲಿನ ತನಕ ಒದ್ದೆಯಾದ ಹೆಂಗಸು ಎದುರು ಬಂದು ನಿಂತಾಗ ಚೇತನ್‌ಕುಮಾರ್ ಒಂದು ಹೆಜ್ಜೆ ಹಿಂದೆ ಸರಿದ.

"ಏನಮ್ಮ ಇದು? ಅಷ್ಟು ಹೇಳಿದ್ದೆ. ಜನ ಎಲ್ಲಿ? ಒಲೆ ಎಲ್ಲಿ?"

"ಸಾವಾಗದೆ ಸ್ವಾಮಿ."

"ಮತ್ತೆ ಸಾವಾ?" ಎಂದ ಅವನು. ಬಾಯಿ ತಪ್ಪಿ ಬಂದ ಮಾತು. ಅವನ ಮುಖವೇ ಹಾಗೆಂದಿತು. ಆದರೆ ಬಂದಾಗಿತ್ತು.

ಚೆಲುವರಾಜು ನಡುವೆ ಬಾಯಿ ಹಾಕಿದ. "ಹೋಗ್ಲಿ ಬುಡಿ ಸಾರ್, ದಾರಿ ಅದೆ. ಕುಳ್ಳಿ, ಒಂದ್ ನಾಲ್ಕ್ ಜನ ಕರಿ. ಈ ಮನೇಲಿ ಒಂದು ಒಲೆ ಹಚ್ಚಿ, ಪಾತ್ರೆ ಇಟ್ಕೊಂಡು ಕುಂತ್ಕಳಿ. ಎರಡು ಫೋಟೋ, ಮುಗೀತು. ನಿಮ್ ಒಳ್ಳೇದಕ್ಕೇ ಹೇಳ್ತಿರೋದು." ಜೇಬಿನಿಂದ ಬೆಂಕಿಪೊಟ್ಟಣ ತೆಗೆದ. ಅವಳ ಕೈಗೆ ಕೊಡಲಿಲ್ಲ, ಯಾವತ್ತೂ ಮಾಡುವಂತೆ ಜಗಲಿಯ ಮೇಲೆ ಇಟ್ಟು ಸರಿದು ನಿಂತ.

ಕುಳ್ಳಿ ಅದನ್ನು ಎತ್ತಿಕೊಳ್ಳಲಿಲ್ಲ.

"ನಿಮ್ಮ ತಾಯಿ ಹೋದಾಗ ನಿಮ್ ಮನೆ ಒಲೆ ಉರೀತಿತ್ತಾ ಗೌಡ್ರೇ? ಹನ್ನೊಂದಿನ ನಿಮ್ಮನೇಲಿ ಒಗ್ಗರಣೆ ಹಾಕ್ಲಿಲ್ಲ. ನಾನೇ ಕೊಟ್ಟಿಗೆ ಬಾಚಿವ್ನಿ, ನೋಡಿವ್ನಿ. ಯಾವ ಆಫೀಸ್ನೋನಾದ್ರೂ ಬಂದು ಈ ಮನೇಲಿ ಜನ ಇಲ್ಲ ಅಂತ ಬರ್ಕೊಂಡ್ ಹೋದ್ನಾ?"

ಚೆಲುವರಾಜುವಿನ ಮುಖ ಕೆಂಪಾಯಿತು. ಮೂವತ್ತು ವರ್ಷದಲ್ಲಿ ಅವಳು ಅವನ ಮುಂದೆ ಇಷ್ಟು ಮಾತಾಡಿದ್ದಿಲ್ಲ. "ನೋಡಿ ಸಾರ್, ಇವರಿಗೆ ಒಳ್ಳೇದು ಮಾಡಕ್ಕೋದ್ರೆ ಹಿಂಗೇಯ," ಎಂದು ಜೀಪಿನ ಕಡೆ ತಿರುಗಿದ.

ಚೇತನ್‌ಕುಮಾರ್ ದನಿ ತಗ್ಗಿಸಿದ. "ಅಮ್ಮ, ನಾನು ನಿಮ್ಮ ಪರ ಇದ್ದೀನಿ. ಆದ್ರೆ ನಂಗೆ ಗುರುತು ಬೇಕು. ಹೊಗೆ, ಒಲೆ, ಏನಾದ್ರೂ. ಒಲೆ ಆರಿದ್ರೆ ಮೊದಲನೇ ವರದೀನೇ ಉಳಿಯುತ್ತೆ. ಒಂದು ಕಡ್ಡಿ ಅಲ್ವಾ?"

"ಹಚ್ಚಾಕಿಲ್ಲ."

"ಯೋಚ್ನೆ ಮಾಡಿ ಹೇಳಿ."

"ಸಾಯೋದು ಜನ ಇರೋ ಕಡೆ ಸ್ವಾಮಿ. ಜನ ಇಲ್ದಿರೋ ಕಡೆ ಯಾರ್ ಸಾಯ್ತಾರೆ? ಗುರುತು ಬೇಕಂದ್ರೆ ಬನ್ನಿ ತೋರುಸ್ತೀನಿ. ಬರಾಕಿಲ್ಲ ಅಂದ್ರೆ, ಬರ್ಲಿಲ್ಲ ಅಂತ ಬರ್ಕಳಿ. ಜನ ಇಲ್ಲ ಅಂತ ಬರೀಬ್ಯಾಡಿ."

ಅವಳು ತಿರುಗಿ ನಡೆದಳು. ಅವನು ಬರುತ್ತಾನೋ ಇಲ್ಲವೋ ಎಂದು ಹಿಂದೆ ನೋಡಲಿಲ್ಲ. ತೊರೆಯ ನಡುವಿಗೆ ಬಂದಾಗ ಹಿಂದೆ ನೀರಿನ ಸದ್ದಾಯಿತು. ಅಧಿಕಾರಿ ಶೂ ಬಿಚ್ಚಿ ಕೈಯಲ್ಲಿ ಹಿಡಿದು, ಪ್ಯಾಂಟು ಮಡಚಿ, ಕಲ್ಲು ಚುಚ್ಚಿ ಕುಂಟುತ್ತ ಬರುತ್ತಿದ್ದ. ಚೆಲುವರಾಜು ಆಚೆಯೇ ಉಳಿದ.

ಅತ್ತಿಮರದ ಕೆಳಗೆ ಹಾಡಿ ಪೂರ್ತಿ ಕೂತಿತ್ತು. ಯಾರೂ ಏಳಲಿಲ್ಲ. ಯಾರೂ ಕೈ ಮುಗಿಯಲಿಲ್ಲ. ಮಾತಿಲ್ಲದ ಮೂರು ದಿನ ಅದು. ಮೊಲೆ ಕುಡಿಯುವ ಕೂಸು ಮಾತ್ರ ಸದ್ದು ಮಾಡುತ್ತಿತ್ತು. ಗಂಡಸರು ಅರ್ಧ ತೋಡಿದ ಗುಂಡಿಯಲ್ಲಿ ಸೊಂಟದ ತನಕ ಇಳಿದು ನಿಂತಿದ್ದರು, ಮೈಯೆಲ್ಲ ಕೆಮ್ಮಣ್ಣು. ಮಣ್ಣು ಮುಚ್ಚಿದ ಹಳೆಯ ಗುಂಡಿಗಳು ಸಾಲಾಗಿ ಮಲಗಿದ್ದವು, ಕೆಲವು ತಗ್ಗಿ ನೆಲವಾಗಿದ್ದವು. ಚಿಕ್ಕಮಾದುವಿನ ಮಣ್ಣು ಇನ್ನೂ ಉಬ್ಬಿತ್ತು. ಚೇತನ್‌ಕುಮಾರ್ ಕೈಯಲ್ಲಿದ್ದ ನಕ್ಷೆ ಬಿಚ್ಚಿದ. ಮರ ನೋಡಿದ, ನಕ್ಷೆ ನೋಡಿದ. ಡೀಸೆಲ್ ಟ್ಯಾಂಕು ಎಂದು ಬರೆದಿದ್ದ ಜಾಗದಲ್ಲಿ ತಾನು ನಿಂತಿದ್ದೇನೆ ಎಂಬುದು ಅವನಿಗೆ ಗೊತ್ತಾಯಿತು. ಅವನು ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟ. ಅಲ್ಲೂ ಒಂದು ಗುಂಡಿ. ಇನ್ನೊಂದು ಹೆಜ್ಜೆ ಇಟ್ಟ.

"ಎಣಿಸಿ," ಎಂದಳು ಕುಳ್ಳಿ.

ಅವನು ಎಣಿಸಿದ. ಬೆರಳು ಮಾಡಿ ಎಣಿಸಲು ಹೋಗಿ ಕೈ ಇಳಿಸಿ, ಕಣ್ಣಲ್ಲೇ ಎಣಿಸಿದ. ಕೂಸನ್ನೂ ಎಣಿಸಿದ. ಗುಂಡಿಯಲ್ಲಿದ್ದವರನ್ನೂ ಎಣಿಸಿದ. ಕಾಗದ ತೆಗೆದು ಮೊಣಕಾಲಿನ ಮೇಲಿಟ್ಟು ಬರೆದುಕೊಂಡ.

"ಎಷ್ಟು?"

"ಐವತ್ತೊಂದು."

"ತಪ್ಪು. ಐವತ್ತೆರಡು."

ಅವನು ಮತ್ತೆ ನೋಡಿದ. ಅವಳು ಯಾರನ್ನು ಹೇಳುತ್ತಿದ್ದಾಳೆಂದು ತಿಳಿಯಲು ಹೊತ್ತು ಹಿಡಿಯಲಿಲ್ಲ. ಚಟ್ಟದ ಮೇಲೆ ಮುತ್ತಿಯ ಮುಖ ಇನ್ನೂ ಮುಚ್ಚಿರಲಿಲ್ಲ.

"ತೀರಿಕೊಂಡವರನ್ನ ಲೆಕ್ಕಕ್ಕೆ ತಗೊಳ್ಳೋಕಾಗಲ್ಲಮ್ಮ," ಎಂದ ಮೆಲ್ಲಗೆ.

"ನೀವು ಬರೋ ಗಂಟ ಇರ್ತೀನಿ ಅಂದಿದ್ಲು," ಎಂದಳು ಕುಳ್ಳಿ. "ಸೋಮ್ವಾರ ಪೂರ್ತಿ ಇದ್ಲು. ಬರ್ದೇ ಇದ್ದೋರು ನೀವು."